ಡರ್ಬಿಯ ವಾರದಲ್ಲಿ ಮನೆ ಕೇಳಿದವರು

1967ರ ಮೇ 2. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಚರ್ಚಿಲ್ ಡೌನ್ಸ್ ಮೈದಾನದಲ್ಲಿ ದಿನದ ಮೊದಲ ಕುದುರೆ ಓಟ ನಡೆದಿತ್ತು. ಕುದುರೆಗಳು ನಾಗಾಲೋಟದಲ್ಲಿ ಬರುತ್ತಿರುವಾಗಲೇ ಐವರು ಕಪ್ಪು ಹುಡುಗರು ಬೇಲಿ ಜಿಗಿದು ಓಟದ ದಾರಿಗೆ ಅಡ್ಡ ಓಡಿದರು. ಕಾಲಡಿ ಸಿಕ್ಕಿದ್ದರೆ ಜೀವ ಹೋಗುತ್ತಿತ್ತು. ಪುಣ್ಯಕ್ಕೆ ಉಳಿದರು. ನಾಲ್ಕು ದಿನ ಕಳೆದರೆ, ಮೇ 6ರ ಶನಿವಾರ, ಅದೇ ಮೈದಾನದಲ್ಲಿ ಕೆಂಟಕಿ ಡರ್ಬಿ ನಡೆಯುವುದಿತ್ತು. ಅಮೆರಿಕದ ಅತ್ಯಂತ ಹೆಸರಾದ ಕುದುರೆ ಓಟ ಅದು. ಆ ಹುಡುಗರು ಹಣ ಕೇಳಿರಲಿಲ್ಲ, ನೌಕರಿ ಕೇಳಿರಲಿಲ್ಲ. ಈ ಊರಿನ ಯಾವ ಓಣಿಯಲ್ಲಾದರೂ ನಮಗೆ ಬಾಡಿಗೆ ಮನೆ ಸಿಗಬೇಕು, ದುಡ್ಡಿದ್ದರೆ ಮನೆ ಕೊಳ್ಳಲು ಆಗಬೇಕು, ಅದಕ್ಕೊಂದು ಕಾನೂನು ಮಾಡಿ ಎಂದು ಅವರ ಸಮುದಾಯ ತಿಂಗಳುಗಟ್ಟಲೆ ಕೇಳುತ್ತಿತ್ತು.

ಯಾದಗಿರಿ, ಶಹಾಪುರ, ಸುರಪುರದ ನಮಗೆ ಈ ಕಥೆ ಪರದೇಶದ್ದು ಅನ್ನಿಸಬಾರದು. ನಮ್ಮ ಯಾವುದೇ ಹಳ್ಳಿಯ ಅಗಸಿ ದಾಟಿ ಒಳಗೆ ಬಂದವರಿಗೆ ಯಾರ ಮನೆ ಎಲ್ಲಿದೆ ಎಂದು ಬಾಯಿಬಿಟ್ಟು ಕೇಳುವ ಅಗತ್ಯ ಬೀಳುವುದಿಲ್ಲ. ಗುಡಿಯ ಸುತ್ತ ಯಾರು, ಗೌಡರ ವಾಡೆಯ ಹಿಂದೆ ಯಾರು, ಹಳ್ಳದ ಆಚೆ ಯಾರು ಎಂಬುದು ಊರಿನ ನಕ್ಷೆಯಲ್ಲೇ ಬರೆದಿದೆ. ಅಬ್ಬೆತುಮಕೂರಿನಲ್ಲಿ ವಿಶ್ವಾರಾಧ್ಯರ ಜಾತ್ರೆಗೆ ಎಲ್ಲ ಜಾತಿಯವರೂ ಬರುತ್ತಾರೆ. ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಬರುತ್ತಾರೆ. ತೇರು ಎಳೆಯುವಾಗ ಎಸೆದ ಉತ್ತತ್ತಿ ಯಾರ ತಲೆಯ ಮೇಲಾದರೂ ಬೀಳುತ್ತದೆ. ಸಂಜೆಯಾದ ಮೇಲೆ ಆ ಜನ ತಮ್ಮ ತಮ್ಮ ಊರಿಗೆ ಮರಳಿ, ಊರೊಳಗೆ ತಮ್ಮ ತಮ್ಮ ಕೇರಿಗೆ ನಡೆಯುತ್ತಾರೆ. ಲೂಯಿವಿಲ್‌ನವರಿಗೆ ಡರ್ಬಿ ಇಂಥದೇ ಜಾತ್ರೆಯಾಗಿತ್ತು. ಒಂದು ದಿನ ಸೇರುತ್ತೇವೆ, ಉಳಿದ ದಿನ ಬೇರೆ ಬೇರೆ ಇರುತ್ತೇವೆ ಎಂಬ ಈ ಒಪ್ಪಂದವನ್ನು ಅಲ್ಲಿಯ ಕಪ್ಪು ಜನ ಹೇಗೆ ಮುರಿದರು, ನಾವು ಯಾಕೆ ಇನ್ನೂ ಮುರಿದಿಲ್ಲ ಎಂಬುದನ್ನು ಇಲ್ಲಿ ವಿವರಿಸಬೇಕಾಗಿದೆ.

ಲೂಯಿವಿಲ್‌ನ ಕಪ್ಪು, ಬಿಳಿ ಓಣಿಗಳ ನಡುವಿನ ಗೋಡೆಗೆ ದೊಡ್ಡ ಇತಿಹಾಸವಿದೆ. 1914ರಲ್ಲಿ ಅಲ್ಲಿಯ ನಗರಾಡಳಿತ ಒಂದು ಕಾಯ್ದೆ ಮಾಡಿತು. ಬಿಳಿಯರೇ ಹೆಚ್ಚಿರುವ ಓಣಿಯಲ್ಲಿ ಕಪ್ಪು ಜನ ವಾಸಿಸಬಾರದು, ಕಪ್ಪು ಜನ ಹೆಚ್ಚಿರುವ ಕಡೆ ಬಿಳಿಯರು ಬರಬಾರದು ಎಂಬುದು ಅದರ ಸಾರ. ನೋಡುವುದಕ್ಕೆ ಇಬ್ಬರಿಗೂ ಒಂದೇ ನಿಯಮ. ಆದರೆ ಒಳ್ಳೆಯ ರಸ್ತೆ, ಚರಂಡಿ, ಶಾಲೆ ಇದ್ದದ್ದು ಯಾರ ಕಡೆ ಎಂಬುದು ಎಲ್ಲರಿಗೂ ಗೊತ್ತಿತ್ತು. ವಿಲಿಯಂ ವಾರ್ಲಿ ಎಂಬ ಕಪ್ಪು ಹೋರಾಟಗಾರ ಒಬ್ಬ ಬಿಳಿಯನಿಂದ ನಿವೇಶನ ಕೊಳ್ಳುವ ಕರಾರು ಮಾಡಿಕೊಂಡು ಆ ಕಾಯ್ದೆಯನ್ನು ನ್ಯಾಯಾಲಯಕ್ಕೆ ಎಳೆದ. 1917ರ ನವೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಹೊಡೆದುಹಾಕಿತು. ಕೋರ್ಟು ಎತ್ತಿ ಹಿಡಿದದ್ದು ಮುಖ್ಯವಾಗಿ ತನ್ನ ಆಸ್ತಿಯನ್ನು ಬೇಕಾದವರಿಗೆ ಮಾರುವ ಹಕ್ಕನ್ನು. ಎಲ್ಲರೂ ಸಮಾನರು ಎಂಬ ಮಾತು ಅಲ್ಲಿ ಹಿಂದೆಯೇ ಉಳಿಯಿತು.

ಅದೇ 1917ರಲ್ಲಿ ನಮ್ಮ ದೇಶದಲ್ಲಿ ಇನ್ನೊಬ್ಬರು ಮನೆ ಹುಡುಕುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಭೀಮರಾವ್ ಅಂಬೇಡ್ಕರ್ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ್ದರು. ದೊಡ್ಡ ಹುದ್ದೆ ಇತ್ತು, ತಲೆಯ ಮೇಲೆ ಸೂರು ಇರಲಿಲ್ಲ. ಕಡೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಜಾತಿ ಮರೆಸಿ ಉಳಿದರು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ಇದನ್ನು ಅವರು ತಮ್ಮ ಆತ್ಮಕಥನದ ಬರಹದಲ್ಲಿ ದಾಖಲಿಸಿದ್ದಾರೆ. ಪದವಿ, ಸಂಬಳ, ಜ್ಞಾನ ಇವುಗಳಲ್ಲಿ ಯಾವುದೂ ಮನೆಯ ಬಾಗಿಲು ತೆರೆಸುವುದಿಲ್ಲ ಎಂದು ತಿಳಿದವರೇ ಮುಂದೆ ಈ ದೇಶದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು.

ಲೂಯಿವಿಲ್‌ನಲ್ಲಿ ಕಾಯ್ದೆ ಬಿದ್ದರೂ ಗೋಡೆ ಬೀಳಲಿಲ್ಲ. ಕಪ್ಪು ಜನರಿಗೆ ಮಾರುವುದಿಲ್ಲ ಎಂಬ ಷರತ್ತನ್ನು ಮನೆ ಪತ್ರಗಳಲ್ಲೇ ಸೇರಿಸಿದರು. 1948ರಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡಕೂಡದು ಎಂದಿತು. ಆಗ ಬ್ಯಾಂಕು, ದಲ್ಲಾಳಿ, ನೆರೆಹೊರೆ ಸೇರಿ ಆ ಕೆಲಸ ಮಾಡಿದವು. 1954ರಲ್ಲಿ ಆಂಡ್ರ್ಯೂ ವೇಡ್ ಎಂಬ ಕಪ್ಪು ಜನಾಂಗದ ಮಾಜಿ ಸೈನಿಕ, ಹೆಂಡತಿ ಶಾರ್ಲೆಟ್ ಜೊತೆ ಶೈವ್ಲಿ ಎಂಬ ಉಪನಗರದಲ್ಲಿ ಮನೆ ಬಯಸಿದ. ಯಾರೂ ಮಾರಲಿಲ್ಲ. ಕಾರ್ಲ್ ಮತ್ತು ಆ್ಯನ್ ಬ್ರೇಡನ್ ಎಂಬ ಬಿಳಿಯ ಪತ್ರಕರ್ತ ದಂಪತಿ ತಮ್ಮ ಹೆಸರಿನಲ್ಲಿ ಮನೆ ಕೊಂಡು ವೇಡ್‌ಗೆ ಬರೆದುಕೊಟ್ಟರು. ಜೂನ್‌ನಲ್ಲಿ ಆ ಮನೆಗೆ ಡೈನಮೈಟ್ ಇಟ್ಟು ಸಿಡಿಸಿದರು. ಸಿಡಿಸಿದವರಿಗೆ ಶಿಕ್ಷೆ ಆಗಲಿಲ್ಲ. ಮನೆ ಕೊಡಿಸಿದ ಕಾರ್ಲ್ ಬ್ರೇಡನ್‌ಗೆ ರಾಜದ್ರೋಹದ ಆರೋಪದಲ್ಲಿ 15 ವರ್ಷದ ಶಿಕ್ಷೆ ಬಂತು. ತಿಂಗಳುಗಟ್ಟಲೆ ಜೈಲಿನಲ್ಲಿದ್ದ ಮೇಲೆ ಆ ತೀರ್ಪು ರದ್ದಾಯಿತು.

ಈ ಹಿನ್ನೆಲೆಯಲ್ಲಿ 1967ರ ವಸಂತವನ್ನು ನೋಡಬೇಕು. ಮಾರ್ಟಿನ್ ಲೂಥರ್ ಕಿಂಗ್ ಅವರ ತಮ್ಮ ಎ. ಡಿ. ವಿಲಿಯಮ್ಸ್ ಕಿಂಗ್ ಲೂಯಿವಿಲ್‌ನ ಜಿಯಾನ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿದ್ದರು. ಅವರ ಮುಂದಾಳುತನದಲ್ಲಿ ಜನ ಬಿಳಿಯರ ಬಡಾವಣೆಗಳಿಗೆ ರಾತ್ರಿ ಮೆರವಣಿಗೆ ಹೋಗತೊಡಗಿದರು. ಎದುರಿನಿಂದ ಕಲ್ಲು, ಬಾಟಲಿ ಬಂದವು. ಅಣ್ಣ ಕಿಂಗ್ ಬಂದಾಗ ಅವರಿದ್ದ ಕಾರಿಗೂ ಕಲ್ಲು ಬಿತ್ತು. ಏಪ್ರಿಲ್ 11ರಂದು ನಗರಸಭೆಯ ಮುಂದೆ ಮುಕ್ತ ವಸತಿ ಮಸೂದೆ ಬಂತು. 12 ಸದಸ್ಯರಲ್ಲಿ ಒಂಬತ್ತು ಜನ ಬೇಡ ಎಂದರು, ಮೂವರು ಬೇಕು ಎಂದರು. ಮಸೂದೆ ಬಿದ್ದುಹೋಯಿತು.

ಆಗ ಹೋರಾಟಗಾರರ ಕಣ್ಣು ಡರ್ಬಿಯ ಮೇಲೆ ಬಿತ್ತು. ಮನೆಯ ಹಕ್ಕಿಲ್ಲದಿದ್ದರೆ ಡರ್ಬಿಯೂ ಇಲ್ಲ ಎಂಬ ಘೋಷಣೆ ಎದ್ದಿತು. ಅದಕ್ಕೆ ಕಾರಣವೂ ಸ್ಪಷ್ಟವಿತ್ತು. ವರ್ಷದ ಉಳಿದ ದಿನ ಲೂಯಿವಿಲ್ ಯಾರ ಕಣ್ಣಿಗೂ ಬೀಳದ ಒಂದು ಮಧ್ಯಮ ಊರು. ಮೇ ತಿಂಗಳ ಮೊದಲ ಶನಿವಾರ ಮಾತ್ರ ಇಡೀ ದೇಶ ಅತ್ತ ನೋಡುತ್ತದೆ. ಹೋಟೆಲು, ಟ್ಯಾಕ್ಸಿ, ವ್ಯಾಪಾರ ಎಲ್ಲದರ ಗಳಿಕೆ ಆ ಒಂದು ವಾರದಲ್ಲಿ ಇರುತ್ತದೆ. ಬೀದಿಯಲ್ಲಿ ಕೂಗಿದ್ದನ್ನು ಕೇಳಿಸಿಕೊಳ್ಳದ ನಗರಸಭೆ ಗಲ್ಲಾಪೆಟ್ಟಿಗೆಗೆ ಕುತ್ತು ಬಂದಾಗ ಕೇಳಿಸಿಕೊಳ್ಳಲೇಬೇಕು.

ಇದರಲ್ಲಿ ಇನ್ನೊಂದು ನ್ಯಾಯವೂ ಇತ್ತು. ಡರ್ಬಿಯನ್ನು ಕಟ್ಟಿದವರಲ್ಲಿ ಕಪ್ಪು ಜನ ದೊಡ್ಡ ಪಾಲುದಾರರು. 1875ರಲ್ಲಿ ನಡೆದ ಮೊದಲ ಡರ್ಬಿಯ 15 ಸವಾರರಲ್ಲಿ 13 ಮಂದಿ ಕಪ್ಪು ಜನ. ಗೆದ್ದ ಕುದುರೆಯನ್ನು ಓಡಿಸಿದ್ದು ಆಲಿವರ್ ಲೂಯಿಸ್. ಐಸಾಕ್ ಮರ್ಫಿ 1884, 1890, 1891ರಲ್ಲಿ ಮೂರು ಸಲ ಗೆದ್ದ. ಮೊದಲ 28 ಡರ್ಬಿಗಳಲ್ಲಿ 15 ಗೆಲುವು ಕಪ್ಪು ಸವಾರರವು. ಆಮೇಲೆ ಬಹುಮಾನದ ಹಣ ಹೆಚ್ಚಿತು, ಪ್ರತ್ಯೇಕತೆಯ ಕಾನೂನುಗಳೂ ಬಿಗಿಯಾದವು. ಬಿಳಿಯ ಸವಾರರು ಇವರನ್ನು ಓಟದಲ್ಲೇ ಬೇಲಿಗೆ ಒತ್ತಿ ಹೊರದಬ್ಬಿದರು. 1921ರ ನಂತರ 2000ದವರೆಗೆ ಡರ್ಬಿಯಲ್ಲಿ ಒಬ್ಬ ಕಪ್ಪು ಸವಾರನೂ ಕಾಣಲಿಲ್ಲ. ಲಾಯ ತೊಳೆಯುವ, ಕುದುರೆ ಉಜ್ಜುವ ಕೈಗಳು ಮಾತ್ರ ಅವರವೇ ಆಗಿ ಉಳಿದವು. ತಾವು ಬೆಳೆಸಿದ ಹಬ್ಬವನ್ನು ನಿಲ್ಲಿಸಿ ಮಾತಾಡುವ ಅಧಿಕಾರ ಅವರಿಗಲ್ಲದೆ ಇನ್ನಾರಿಗೆ ಇತ್ತು?

ಡರ್ಬಿ ವಾರದ ಪೆಗಾಸಸ್ ಮೆರವಣಿಗೆ ಆ ವರ್ಷ ರದ್ದಾಯಿತು. ರಾಜ್ಯಪಾಲ ಎಡ್ವರ್ಡ್ ಬ್ರೆದಿಟ್ ರಾಷ್ಟ್ರೀಯ ರಕ್ಷಕ ದಳವನ್ನು ಕರೆಸಿದರು. ದಳದವರು ಮೈದಾನದ ಸುತ್ತ ಸಾಲುಗಟ್ಟಿ ನಿಂತರು. ಬಿಳಿಯರ ಜನಾಂಗ ದ್ವೇಷಿ ಗುಂಪುಗಳೂ ಬರುತ್ತವೆ ಎಂಬ ಸುದ್ದಿ ಹಬ್ಬಿತ್ತು. ಈ ಹಂತದಲ್ಲಿ ಕಿಂಗ್ ಸಹೋದರರು ಕಠಿಣವಾದ ತೀರ್ಮಾನ ತೆಗೆದುಕೊಂಡರು. ಡರ್ಬಿಯ ದಿನ ಮೈದಾನಕ್ಕೆ ಹೋಗುವುದು ಬೇಡ, ಊರ ಮಧ್ಯದಲ್ಲಿ ಮೆರವಣಿಗೆ ಮಾಡೋಣ ಎಂದರು. ಲಕ್ಷ ಜನ ಸೇರುವಲ್ಲಿ ಒಂದು ಕಲ್ಲು ಬಿದ್ದರೂ ಸಾಯುವವರು ತಮ್ಮ ಮಕ್ಕಳೇ ಎಂಬುದು ಅವರಿಗೆ ಗೊತ್ತಿತ್ತು. ಓಟ ನಡೆಯಿತು. ಯಾರೂ ನೆಚ್ಚದ ಪ್ರೌಡ್ ಕ್ಲಾರಿಯನ್ ಎಂಬ ಕುದುರೆ ಗೆದ್ದಿತು. ಮರುದಿನ ಪತ್ರಿಕೆ ಓದಿದವರಿಗೆ ಹೋರಾಟ ಸೋತಂತೆ ಕಂಡಿರಬೇಕು.

ಸೋತಿರಲಿಲ್ಲ. ಡರ್ಬಿಯ ವಾರದಲ್ಲಿ ಸಂಘಟಿತರಾದ ಜನ ನವೆಂಬರ್‌ನ ಚುನಾವಣೆಯಲ್ಲಿ ಮತಗಟ್ಟೆಗೆ ಹೋದರು. ಮುಕ್ತ ವಸತಿಗೆ ಅಡ್ಡ ನಿಂತ ನಗರಸಭೆಯ ಸದಸ್ಯರಲ್ಲಿ ಬಹುಪಾಲು ಮಂದಿ ಮನೆಗೆ ಹೋದರು. ಹೊಸ ನಗರಸಭೆ ಡಿಸೆಂಬರ್‌ನಲ್ಲಿ ಮುಕ್ತ ವಸತಿ ಕಾಯ್ದೆಯನ್ನು ಪಾಸು ಮಾಡಿತು. ಅದೇ ಚುನಾವಣೆಯಲ್ಲಿ ಜಾರ್ಜಿಯಾ ಡೇವಿಸ್ ಪವರ್ಸ್ ಕೆಂಟಕಿಯ ಸೆನೆಟ್‌ಗೆ ಆಯ್ಕೆಯಾದರು. ಅಲ್ಲಿಗೆ ಹೋದ ಮೊದಲ ಕಪ್ಪು ವ್ಯಕ್ತಿ ಅವರು. ಅವರು ಹಟ ಹಿಡಿದು ತಂದ ವಸತಿ ಮಸೂದೆ 1968ರ ಮಾರ್ಚ್‌ನಲ್ಲಿ ಇಡೀ ರಾಜ್ಯದ ಕಾನೂನಾಯಿತು. ದಕ್ಷಿಣದ ರಾಜ್ಯಗಳಲ್ಲಿ ಅಂಥ ಕಾನೂನು ಮಾಡಿದ್ದು ಕೆಂಟಕಿಯೇ ಮೊದಲು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಮೆಂಫಿಸ್‌ನಲ್ಲಿ ಕೊಂದರು. ಒಂದು ವಾರದ ಮೇಲೆ, ಏಪ್ರಿಲ್ 11ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ದೇಶಕ್ಕೆಲ್ಲ ಅನ್ವಯವಾಗುವ ವಸತಿ ಸಮಾನತೆಯ ಕಾಯ್ದೆಗೆ ಸಹಿ ಹಾಕಿದರು. ಲೂಯಿವಿಲ್‌ನ ನಗರಸಭೆ ಬೇಡವೆಂದು ಕೈ ಎತ್ತಿ ಅಂದಿಗೆ ಒಂದು ವರ್ಷ ತುಂಬಿತ್ತು.

ಈಗ ನಮ್ಮ ಕಡೆ ತಿರುಗೋಣ. ಆಟದ ಮೈದಾನದಲ್ಲಿ ಜಾತಿಯ ವಿರುದ್ಧ ನಿಂತ ಒಂದು ಮನೆತನಕ್ಕೆ ನಮ್ಮ ಧಾರವಾಡದ ನಂಟಿದೆ. ಪಳವಣಕರ ಬಾಲೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಚಮ್ಮಾರ ಕುಟುಂಬ. ತಂದೆ ಸೈನ್ಯದಲ್ಲಿದ್ದರು. ಪುಣೆಯ ಕ್ರಿಕೆಟ್ ಕ್ಲಬ್ಬುಗಳಲ್ಲಿ ಪಿಚ್ ಮೇಲೆ ರೋಲರ್ ಎಳೆಯುವ ಕೆಲಸದಿಂದ ಶುರುಮಾಡಿ ದೇಶದ ಶ್ರೇಷ್ಠ ಎಡಗೈ ಸ್ಪಿನ್ನರ್ ಆದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಹಿಂದೂಗಳ ತಂಡಕ್ಕೆ ಅವರ ಕೈಯ ಚೆಂಡು ಬೇಕಿತ್ತು. ಚಹಾದ ಹೊತ್ತಿನಲ್ಲಿ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯಬೇಕಿತ್ತು. ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು, ಕುಡಿದ ಕಪ್ಪನ್ನು ಯಾರೂ ಮುಟ್ಟುತ್ತಿರಲಿಲ್ಲ.

ಅಂದಿನ ಭಾರತದಲ್ಲಿ ಮುಂಬಯಿಯ ಚತುಷ್ಕೋನ ಪಂದ್ಯಾವಳಿಗಿಂತ ದೊಡ್ಡ ಆಟ ಇರಲಿಲ್ಲ. 1920ರಲ್ಲಿ ಆ ಪಂದ್ಯಾವಳಿಯ ವೇಳೆಯಲ್ಲೇ ಬಾಲೂ ಅವರ ತಮ್ಮಂದಿರಾದ ವಿಠಲ ಮತ್ತು ಶಿವರಾಮ, ನಾಯಕತ್ವದ ವಿಷಯದಲ್ಲಿ ಜಾತಿಯ ಕಾರಣಕ್ಕೆ ತಮಗೆ ಅನ್ಯಾಯವಾಗಿದೆ ಎಂದು ತಂಡದಿಂದ ಹೊರನಡೆದರು. ಊರೆಲ್ಲ ಆ ಮಾತೇ ಆಯಿತು. ಮುಂದಿನ ಪಂದ್ಯಕ್ಕೆ ಬಾಲೂ ಉಪನಾಯಕರಾದರು. 1923ರಲ್ಲಿ ವಿಠಲ ನಾಯಕರಾದರು, ತಂಡ ಗೆದ್ದಿತು. ಇವರಿಲ್ಲದೆ ಆಟ ಗೆಲ್ಲುವುದಿಲ್ಲ ಎಂಬ ಹೊತ್ತಿನಲ್ಲಿ ಕೇಳಿದ್ದರಿಂದಲೇ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಲೂಯಿವಿಲ್‌ನವರಿಗಿಂತ ಸುಮಾರು ಅರ್ಧ ಶತಮಾನ ಮೊದಲು ನಮ್ಮವರಿಗೆ ಈ ದಾರಿ ಗೊತ್ತಿತ್ತು.

ಆದರೆ ಅವರು ಗೆದ್ದದ್ದು ಮೈದಾನವನ್ನು. ಕೇರಿ ಹಾಗೇ ಉಳಿಯಿತು. ಕೇರಿ ಬರೀ ಮನೆಗಳ ಸಾಲಲ್ಲ. ನಲ್ಲಿಯ ಪೈಪು ಎಲ್ಲಿಗೆ ನಿಲ್ಲುತ್ತದೆ, ಸಿಮೆಂಟ್ ರಸ್ತೆ ಎಲ್ಲಿಗೆ ಮುಗಿಯುತ್ತದೆ, ಅಂಗನವಾಡಿ ಯಾರ ಓಣಿಯಲ್ಲಿ ಕಟ್ಟುತ್ತಾರೆ ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಸಮುದಾಯ ಒಂದೇ ಕಡೆ ಬೇರೆಯಾಗಿ ಇದ್ದಾಗ ಅದಕ್ಕೆ ಬಹಿಷ್ಕಾರ ಹಾಕುವುದು ಬಹಳ ಸುಲಭ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಹುಣಸಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆದದ್ದು ನೆನಪಿರಲಿ. ಬಾಲಕಿಯ ಮೇಲಿನ ದೌರ್ಜನ್ಯದ ಬಗ್ಗೆ ಪೋಕ್ಸೊ ಪ್ರಕರಣ ದಾಖಲಿಸಿದ್ದಕ್ಕೆ ಊರಿನ ದಲಿತರಿಗೆ ಕಿರಾಣಿ ಕೊಡಬೇಡಿ ಎಂಬ ಮಾತು ಅಂಗಡಿಗಳಿಗೆ ಹೋಯಿತು. ಮಕ್ಕಳಿಗೆ ಪೆನ್ನು, ಪುಸ್ತಕವೂ ಸಿಗದಂತಾಯಿತು. ಅಧಿಕಾರಿಗಳು, ಪೊಲೀಸರು ಊರಿಗೆ ಬರಬೇಕಾಯಿತು. ಕೇರಿ ಬೇರೆ, ಅಂಗಡಿ ಊರೊಳಗೆ ಎಂಬ ನಕ್ಷೆ ಇರುವವರೆಗೆ ಇಂಥ ಬಹಿಷ್ಕಾರಕ್ಕೆ ಒಂದು ಮಾತು ಸಾಕು.

ಗ್ರಾಮೀಣ ಕರ್ನಾಟಕದ ಈ ಪ್ರತ್ಯೇಕತೆಯನ್ನು ಅಳೆದವರಿದ್ದಾರೆ. ದೀಪಕ್ ಮಲಘಾಣ, ನವೀನ್ ಭಾರತಿ, ಅಂದಲೀಬ್ ರಹಮಾನ್ ಎಂಬ ಸಂಶೋಧಕರು ರಾಜ್ಯದ ಹಳ್ಳಿಗಳ ಒಳಗೆ ಯಾವ ಜಾತಿಯ ಮನೆ ಎಲ್ಲಿದೆ ಎಂಬ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿದರು. ಅಮೆರಿಕದ ದಕ್ಷಿಣ ಭಾಗದಲ್ಲಿ ಕಪ್ಪು ಮತ್ತು ಬಿಳಿ ಜನರ ಮನೆಗಳ ನಡುವೆ ಇದ್ದ ಪ್ರತ್ಯೇಕತೆಗಿಂತ ಕರ್ನಾಟಕದ ಹಳ್ಳಿಯೊಳಗಿನ ಪ್ರತ್ಯೇಕತೆ ಹೆಚ್ಚಿನದು ಎಂದು ಅವರು ಕಂಡರು. ಲೂಯಿವಿಲ್‌ನ ಕಥೆ ಓದಿ ಮರುಗುವ ನಾವು ಈ ಮಾತನ್ನು ಎರಡು ಸಲ ಓದಬೇಕು. ಡೈನಮೈಟ್ ಇಟ್ಟ ಊರಿಗಿಂತ ನಮ್ಮ ಊರು ಹೆಚ್ಚು ಒಡೆದಿದೆ. ಡೈನಮೈಟಿನ ಅಗತ್ಯವೇ ಬೀಳದಷ್ಟು ಆಳವಾಗಿ ಒಡೆದಿದೆ.

ಕಾನೂನು ಇಲ್ಲವೆಂದಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು 19ನೇ ವಿಧಿ ಕೊಟ್ಟಿದೆ. 1955ರಲ್ಲಿ ಬಂದ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಕರೆಯುವ ಕಾನೂನಿನ 4ನೇ ಸೆಕ್ಷನ್ ಇನ್ನೂ ಸ್ಪಷ್ಟ. ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ಯಾವುದೇ ಪ್ರದೇಶದಲ್ಲಿ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ವಾಸಿಸುವುದಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ಲೂಯಿವಿಲ್‌ನ ಮುಕ್ತ ವಸತಿ ಕಾಯ್ದೆಗಿಂತ ಇದು 12 ವರ್ಷ ಹಳೆಯದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಅಪರಾಧವೆಂದಿದೆ.

ಹಾಗಿದ್ದರೂ ಕೆಲಸವಾಗದಿರುವುದಕ್ಕೆ ಎರಡು ಕಾರಣ ಕಾಣುತ್ತವೆ. ಮೊದಲನೆಯದು, ಇಲ್ಲ ಎನ್ನುವವರು ಕಾರಣ ಹೇಳುವುದಿಲ್ಲ. ಗುಳೆ ಹೋದ ನಮ್ಮ ಜನರಿಗೆ ಇದು ಚೆನ್ನಾಗಿ ಗೊತ್ತು. ಯಾದಗಿರಿಯಿಂದ ರಾತ್ರಿಯ ಬಸ್ಸು, ರೈಲು ಹತ್ತಿ ಬೆಂಗಳೂರಿಗೆ ಹೋದವರು ಕಟ್ಟಡ ಕಟ್ಟುತ್ತಾರೆ, ತಾವು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಅವರ ಮಕ್ಕಳು ಓದಿ ನೌಕರಿ ಹಿಡಿದು ಬಾಡಿಗೆ ಮನೆ ಕೇಳಿದಾಗ ಎದುರಾಗುವುದು ನೀವು ಯಾವ ಜನ, ಮಾಂಸ ತಿನ್ನುತ್ತೀರಾ ಎಂಬ ಪ್ರಶ್ನೆ. ಉತ್ತರ ಕೇಳಿದ ಮೇಲೆ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಯಿತು ಎನ್ನುತ್ತಾರೆ. ಮುಸ್ಲಿಮರಿಗೂ ಇದೇ ಅನುಭವ, ಅವರ ನೆರವಿಗೆ ಬರುವ ಪ್ರತ್ಯೇಕ ವಸತಿ ಕಾನೂನೇ ಇಲ್ಲ. ಒಂದು ಸಮುದಾಯದವರು ಮಾತ್ರ ಸದಸ್ಯರಾಗುವ ಗೃಹ ಸಹಕಾರ ಸಂಘವನ್ನು 2005ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಒಪ್ಪಿದೆ. ಅಮೆರಿಕದ 1968ರ ಕಾಯ್ದೆ ಮನೆ ಮಾಲೀಕ, ದಲ್ಲಾಳಿ, ಸಾಲ ಕೊಡುವ ಬ್ಯಾಂಕು ಎಲ್ಲರನ್ನೂ ಹಿಡಿಯುತ್ತದೆ. ನಮಗೂ ಅಂಥದೊಂದು ಬೇಕು.

ಎರಡನೆಯ ಕಾರಣ ಇನ್ನೂ ಗಂಭೀರ. ಹಳೆಯ ನಕ್ಷೆಯನ್ನು ಸರ್ಕಾರವೇ ಮತ್ತೆ ಮತ್ತೆ ಬರೆಯುತ್ತಿದೆ. ಪರಿಶಿಷ್ಟರಿಗೆ ಮನೆ ಕೊಡುವ ಯೋಜನೆ ಬಂದಾಗ ನಿವೇಶನ ಸಿಗುವುದು ಬಹುಪಾಲು ಕೇರಿಯ ಪಕ್ಕದಲ್ಲಿ ಅಥವಾ ಊರ ಇನ್ನೊಂದು ತುದಿಯಲ್ಲಿ. ಮನೆ ಪಕ್ಕಾ ಆಯಿತು, ಪ್ರತ್ಯೇಕತೆಯೂ ಪಕ್ಕಾ ಆಯಿತು. ಅಮೆರಿಕದಲ್ಲೂ ಸಾಲದ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗೆ ಕೆಂಪು ಗೆರೆ ಎಳೆದದ್ದು 1930ರ ದಶಕದ ಸರ್ಕಾರಿ ಸಂಸ್ಥೆಯೇ.

ಇದಕ್ಕೆ ಉತ್ತರವೇನು ಎಂದು ನಮ್ಮ ನೆಲದಲ್ಲೇ ಗಟ್ಟಿಯಾಗಿ ಯೋಚಿಸಿದವರಿದ್ದಾರೆ. ಅಮೆರಿಕ ವಸತಿ ಕಾಯ್ದೆ ಮಾಡಿದ ಅದೇ 1968ರ ಏಪ್ರಿಲ್‌ನಲ್ಲಿ ಬಿ. ಶ್ಯಾಮಸುಂದರ್ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. ಯಾದಗಿರಿ ಆಗ ಕಲಬುರಗಿ ಜಿಲ್ಲೆಯಲ್ಲೇ ಇತ್ತು. ದಲಿತರಿಗೆ ತಮ್ಮದೇ ಹಳ್ಳಿಗಳು ಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಅಂಬೇಡ್ಕರ್ ಕೂಡ 1940ರ ದಶಕದಲ್ಲಿ ಪ್ರತ್ಯೇಕ ವಸತಿಯ ಮಾತನ್ನು ಮುಂದಿಟ್ಟಿದ್ದರು. ಊರ ಬದಿಯಲ್ಲಿ, ಊರಿನ ಕೃಪೆಯಲ್ಲಿ, ಭೂಮಿಯಿಲ್ಲದೆ ಬದುಕುವುದಕ್ಕಿಂತ ಸ್ವಂತ ಭೂಮಿ ಇರುವ ಸ್ವಂತ ಊರು ಲೇಸು ಎಂಬುದು ಅದರ ತರ್ಕ. ಲೂಯಿವಿಲ್‌ನವರು ನಿಮ್ಮ ಓಣಿಯ ಬಾಗಿಲು ತೆರೆಯಿರಿ ಎಂದರು, ಇವರು ನಮಗೆ ನಮ್ಮದೇ ಊರು ಕೊಡಿ ಎಂದರು. ಕೇಳಿದ್ದು ಬೇರೆ ಬೇರೆ, ಎರಡರ ಹಿಂದೆ ಇದ್ದದ್ದು ಯಾರ ಹಂಗಿನಲ್ಲೂ ಬದುಕಲಾರೆವು ಎಂಬ ಒಂದೇ ಆತ್ಮಗೌರವ. ಆ ಬೇಡಿಕೆಯನ್ನು ಅಂದು ಯಾರೂ ಗಂಭೀರವಾಗಿ ಕೇಳಲಿಲ್ಲ. ಕೇಳಿದ್ದರೆ, ಇವರು ಬೇರೆ ಹೋಗಬೇಕು ಎನ್ನುವಷ್ಟು ನಮ್ಮ ಊರು ಇವರನ್ನು ನೋಯಿಸಿದೆ ಎಂಬುದಾದರೂ ಅರ್ಥವಾಗುತ್ತಿತ್ತು.

ಹಬ್ಬದ ದಿನ ಯಾಕೆ ಗದ್ದಲ, ಜಾತ್ರೆಯಲ್ಲಿ ಎಲ್ಲರೂ ಒಂದಾಗಿ ಇರುವುದು ಕಾಣುವುದಿಲ್ಲವೇ ಎಂದು ಕೇಳುವವರು ಇದ್ದಾರೆ. ಅವರಿಗೆ ಹೇಳಬೇಕಾದದ್ದು ಇಷ್ಟು. ಜಾತ್ರೆಯ ಕುಸ್ತಿ ಕಣದಲ್ಲಿ ಎದುರಾಳಿಯ ಜಾತಿ ಕೇಳದೆ ಪಟ್ಟು ಹಾಕುತ್ತೇವೆ, ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ ತೊಡಿಸಿ ಹೆಗಲ ಮೇಲೆ ಹೊರುತ್ತೇವೆ. ಆ ಪೈಲ್ವಾನ ನಾಳೆ ನಮ್ಮ ಓಣಿಯಲ್ಲಿ ಮನೆ ಕೇಳಿದರೆ ಕೊಡುತ್ತೇವೆಯೇ? ಕೊಡುವುದಿಲ್ಲ ಎಂದಾದರೆ ಆ ದಿನದ ಒಗ್ಗಟ್ಟು ಆ ದಿನಕ್ಕೇ ಮುಗಿಯಿತು. ಕಲ್ಯಾಣದ ಬಸವಣ್ಣನವರು ಕೇರಿಯಲ್ಲಿದ್ದ ಶರಣ ನಾಗಿದೇವನ ಮನೆಗೆ ಹೋದದ್ದಕ್ಕೆ ಬಿಜ್ಜಳನ ಆಸ್ಥಾನದಲ್ಲಿ ದೂರು ಬಿತ್ತು ಎಂದು ಹಳೆಯ ಕಾವ್ಯಗಳು ಹೇಳುತ್ತವೆ. ದೂರು ಕೊಟ್ಟವರ ಕೋಪಕ್ಕೆ ಕಾರಣ ಮನೆಯ ಹೊಸ್ತಿಲು ದಾಟಿದ್ದು. ಬಸವಣ್ಣನವರ ಹೆಸರಿನಲ್ಲಿ ಪ್ರಮಾಣ ಮಾಡುವ ಈ ನಾಡಿಗೆ ಮನೆಯ ಪ್ರಶ್ನೆ ಹೊಸದಲ್ಲ.

ಲೂಯಿವಿಲ್ ಕೂಡ ಪೂರ್ತಿ ಗೆದ್ದಿಲ್ಲ. ಅಲ್ಲಿಯ ಪಶ್ಚಿಮ ಭಾಗದಲ್ಲಿ ಇಂದಿಗೂ ಬಹುಪಾಲು ಕಪ್ಪು ಜನರೇ ಇದ್ದಾರೆ, ಬಡತನವೂ ಅಲ್ಲೇ ಹೆಚ್ಚು. 2020ರ ಮಾರ್ಚ್‌ನಲ್ಲಿ ಬ್ರಿಯೋನಾ ಟೇಲರ್ ಎಂಬ ಯುವತಿಯನ್ನು ಪೊಲೀಸರು ಅವಳ ಮನೆಯಲ್ಲೇ ಗುಂಡಿಟ್ಟು ಕೊಂದಾಗ, ಆ ಸೆಪ್ಟೆಂಬರ್‌ನಲ್ಲಿ ನಡೆದ ಡರ್ಬಿಯ ದಿನ ಜನ ಮತ್ತೆ ಚರ್ಚಿಲ್ ಡೌನ್ಸ್ ಮುಂದೆ ನಿಂತರು. ಕಾನೂನು ಬಾಗಿಲ ಚಿಲಕ ತೆಗೆದಿದೆ, ಒಳಗೆ ಹೋಗುವ ಶಕ್ತಿಯನ್ನು ಭೂಮಿ, ದುಡಿಮೆ, ಶಾಲೆಗಳಿಂದ ಗಳಿಸಿಕೊಡಬೇಕು ಎಂಬುದು ಅಲ್ಲಿಯ ಪಾಠ.

ನಮ್ಮ ಜಿಲ್ಲೆಯಲ್ಲಿ ಆರಂಭಿಸುವ ಕೆಲಸ ದೊಡ್ಡದೇನಲ್ಲ. ಗ್ರಾಮ ಪಂಚಾಯಿತಿ ಇನ್ನು ಮುಂದೆ ಹಂಚುವ ಪ್ರತಿಯೊಂದು ನಿವೇಶನವನ್ನೂ ಎಲ್ಲ ಜಾತಿಯ ಫಲಾನುಭವಿಗಳನ್ನು ಸೇರಿಸಿ ಚೀಟಿ ಎತ್ತಿ ಹಂಚಬೇಕು. ಕೃಷ್ಣಾ, ಭೀಮಾ ನದಿಗಳ ಪ್ರವಾಹಕ್ಕೆ ಸಿಕ್ಕ ಹಳ್ಳಿಗಳನ್ನು ಎತ್ತರಕ್ಕೆ ಸ್ಥಳಾಂತರಿಸುವಾಗ ಹೊಸ ಊರಿನಲ್ಲಿ ಕೇರಿಯ ಗೆರೆ ಎಳೆಯಕೂಡದು. 2009ರ ನೆರೆಯ ನಂತರ ಆಸರೆ ಮನೆಗಳನ್ನು ಕಟ್ಟಿದಂಥ ಅವಕಾಶ ಒಂದು ತಲೆಮಾರಿಗೆ ಒಂದೇ ಸಲ ಬರುತ್ತದೆ. ಮನೆ ನಿರಾಕರಿಸಿದ ದೂರು ಬಂದರೆ ಠಾಣೆಯಲ್ಲಿ 1955ರ ಕಾಯ್ದೆಯ 4ನೇ ಸೆಕ್ಷನ್ ಅನ್ವಯ ದಾಖಲಾಗಬೇಕು. ಮಠಗಳು, ಜಾತ್ರಾ ಸಮಿತಿಗಳು ಸಾವಿರಾರು ಜನ ಕೂಡಿದ ವೇದಿಕೆಯಿಂದ ಈ ಮಾತು ಆಡಬೇಕು, ಏಕೆಂದರೆ ಅವರ ಮಾತಿಗೆ ಇಲ್ಲಿ ಬೆಲೆಯಿದೆ. ಪಂಚಾಯಿತಿ ಚುನಾವಣೆಗೆ ಮತ ಕೇಳಲು ಬಂದವರಿಗೆ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಹೊಸ ನಿವೇಶನಗಳನ್ನು ಹೇಗೆ ಹಂಚುತ್ತೀರಿ? ಲೂಯಿವಿಲ್‌ನಲ್ಲಿ ಡರ್ಬಿಯ ವಾರದ ಕೂಗು ಕಾನೂನಾದದ್ದು ಮತಪೆಟ್ಟಿಗೆಯ ಮೂಲಕ. ಆ ಪೆಟ್ಟಿಗೆ ನಮ್ಮ ಪ್ರತಿ ಹಳ್ಳಿಯ ಶಾಲೆಗೂ ಬರುತ್ತದೆ.